ಅವಳ ಗೆಳತಿಯ ಹೆಸರು ನನಗೆ ಗೊತ್ತಿಲ್ಲ

ಮಗಳು "ನನ್ನ ಫ್ರೆಂಡು" ಅಂತ ಮಾತು ಶುರು ಮಾಡಿದರೆ ಅಮ್ಮಂದಿರ ಬಾಯಿಂದ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಥರ ಇರುತ್ತವೆ. ಹೆಸರೇನು, ಯಾವ ಕ್ಲಾಸು, ಮನೆ ಎಲ್ಲಿ, ಮನೆಯಲ್ಲಿ ಯಾರ್ಯಾರಿದ್ದಾರೆ. ಹದಿಮೂರು ವರ್ಷದ ನನ್ನ ಮಗಳಿಗೆ ಈಗ ಎಲ್ಲರಿಗಿಂತ ಹತ್ತಿರವಾಗಿರುವ, ಆನ್‌ಲೈನ್‌ನಲ್ಲಿ ಸಿಕ್ಕ ಗೆಳತಿಯ ವಿಷಯದಲ್ಲಿ ಇವುಗಳಲ್ಲಿ ಒಂದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ಮಗಳ ಹತ್ತಿರವೂ ಇಲ್ಲ. ಅವಳಿಗೆ ಗೊತ್ತಿರುವುದೇ ಬೇರೆ. ಆ ಹುಡುಗಿ ಕೈಗಳನ್ನು ತುಂಬಾ ಚೆನ್ನಾಗಿ ಬಿಡಿಸುತ್ತಾಳೆ, ಕುದುರೆ ಬಿಡಿಸು ಅಂದರೆ ತಪ್ಪಿಸಿಕೊಳ್ಳುತ್ತಾಳೆ. ಇಬ್ಬರಿಗೂ ಇಷ್ಟವಾದ ಅನಿಮೇಷನ್ ಸರಣಿಯಲ್ಲಿ ಎಲ್ಲರೂ ಬೈಯುವ ಒಂದು ಪಾತ್ರದ ಪರವಾಗಿ ಗಂಟೆಗಟ್ಟಲೆ ವಾದ ಮಾಡುತ್ತಾಳೆ. ನಾವು ಮಲಗುವ ಹೊತ್ತಿಗೆ ಅವಳಿಗೆ ಶಾಲೆ ಬಿಡುತ್ತದೆ. ಗುಂಪಿನಲ್ಲಿ ಜಗಳ ಎದ್ದರೆ ಮೊದಲು ಸುಮ್ಮನಾಗುವವಳು ಅವಳೇ. ಅಡ್ಡಹೆಸರು ಗೊತ್ತು, ನಿಜವಾದ ಹೆಸರು ಗೊತ್ತಿಲ್ಲ.

ಇದು ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿದೆ. ನಾನೂ ಇಂಥ ಆನ್‌ಲೈನ್ ಅಭಿಮಾನಿ ಗುಂಪುಗಳಲ್ಲೇ ಬೆಳೆದವಳು. ನನ್ನ ಬದುಕಿನ ಗಟ್ಟಿ ಗೆಳೆತನಗಳಲ್ಲಿ ಎರಡು ಮೂರು ಹುಟ್ಟಿದ್ದು ಹೀಗೆಯೇ, ಯಾವುದೋ ಒಂದು ಕಥೆಯ ಮೇಲಿನ ಹುಚ್ಚಿನಿಂದ. ಹಾಗಾಗಿ "ಆನ್‌ಲೈನ್ ಫ್ರೆಂಡ್ಸ್ ಎಲ್ಲಾ ಸುಳ್ಳು" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಮ್ಮನಾಗಿ "ಏನೂ ಆಗಲ್ಲ ಬಿಡು" ಅನ್ನಲೂ ಬಾಯಿ ಬರುವುದಿಲ್ಲ. ಆ ಗೆಳತಿ ನಿಜವಾಗಿಯೂ ಹದಿಮೂರರ ಹುಡುಗಿಯೇ ಅನ್ನುವುದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಅವಳು ಒಳ್ಳೆಯ ಗೆಳತಿ ಅನ್ನುವುದಕ್ಕೆ ಮಾತ್ರ ಬೇಕಾದಷ್ಟು ಪುರಾವೆ ಇದೆ. ಎರಡೂ ಒಟ್ಟಿಗೇ ನಿಜವಾಗಿರುವಾಗ ಏನು ಮಾಡಬೇಕು ಅನ್ನುವುದೇ ನನ್ನ ತಲೆಯಲ್ಲಿ ಓಡುತ್ತಿರುವ ವಿಷಯ.

ಮುಖಪುಟ ನಿಂತುಹೋದ ವಾರ

ಮಗಳ ಗುಂಪು ಒಂದು ಝೀನ್ ಮಾಡುತ್ತಿದೆ. ಅಭಿಮಾನಿಗಳೇ ಸೇರಿ ಬರೆದು, ಬಿಡಿಸಿ, ಪುಟ ಜೋಡಿಸಿ, ಪಿಡಿಎಫ್ ಮಾಡಿ ಎಲ್ಲರಿಗೂ ಪುಕ್ಕಟೆ ಹಂಚುವ ಪುಸ್ತಕ. ಹೊರಗಿನಿಂದ ಮಕ್ಕಳಾಟ ಅನ್ನಿಸಬಹುದು. ಒಳಗೆ ನೋಡಿದರೆ ಎಷ್ಟೋ ಆಫೀಸುಗಳಿಗಿಂತ ಶಿಸ್ತಿನ ಕೆಲಸ. ಯಾರಿಗೆ ಯಾವ ಪುಟ ಅಂತ ಪಟ್ಟಿ ಇದೆ. ಸ್ಕೆಚ್ ಯಾವತ್ತು ತೋರಿಸಬೇಕು, ಕೊನೆಯ ಫೈಲ್ ಯಾವತ್ತು ಕೊಡಬೇಕು ಅಂತ ತಾರೀಕುಗಳಿವೆ. ಎಲ್ಲವನ್ನೂ ನೋಡಿಕೊಳ್ಳಲು ಇಬ್ಬರು ಮಾಡ್‌ಗಳು, ಅಂದರೆ ಮೇಲ್ವಿಚಾರಕರು, ಇದ್ದಾರೆ. ಒಬ್ಬಳು ಕಾಲೇಜು ಓದುವ ಹುಡುಗಿ. ಮುಖಪುಟದ ಜವಾಬ್ದಾರಿ ನಮ್ಮ ಈ ಗೆಳತಿಯದು. ಲೈನ್‌ಆರ್ಟ್ ಮುಗಿಸಿದ್ದಳು, ಬಣ್ಣ ತುಂಬುವುದು ಬಾಕಿ ಇತ್ತು. ಆಮೇಲೆ ಅವಳು ಸರ್ವರ್‌ನಲ್ಲಿ, ಅಂದರೆ ಗುಂಪು ಸೇರಿ ಮಾತಾಡುವ ಆನ್‌ಲೈನ್ ಜಾಗದಲ್ಲಿ, ಕಾಣಿಸಲೇ ಇಲ್ಲ.

ಒಂದು ರಾತ್ರಿ ಮಗಳು ಟ್ಯಾಬ್ ಹಿಡಿದುಕೊಂಡೇ ನನ್ನ ಕೋಣೆಗೆ ಬಂದಳು. ಮುಖ ಸಪ್ಪೆಯಾಗಿತ್ತು. "ಅಮ್ಮ, ಅವಳು ಆನ್‌ಲೈನ್ ಬರ್ತಾನೇ ಇಲ್ಲ." "ಪರೀಕ್ಷೆ ಗಿರೀಕ್ಷೆ ಇರಬಹುದು ಪುಟ್ಟಾ." "ಇಲ್ಲಮ್ಮ. ಪರೀಕ್ಷೆ ಇದ್ರೆ ಮೊದಲೇ ಹೇಳ್ತಾಳೆ. ಬೇರೆಯವರ ಕೆಲಸ ಅವಳಿಗೋಸ್ಕರ ಕಾಯ್ತಾ ಇರುವಾಗ ಹೇಳದೇ ಹೋಗೋ ಥರದವಳಲ್ಲ ಅವಳು." ನಾನು ಅವಳನ್ನೇ ನೋಡಿದೆ. ನಿಜವಾದ ಹೆಸರೂ ಗೊತ್ತಿಲ್ಲದ ಒಬ್ಬಳ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುತ್ತಿದ್ದಾಳೆ. ಆ ಖಾತ್ರಿ ಎಲ್ಲಿಂದ ಬಂತು ಅಂತ ಯೋಚಿಸಿದರೆ ಉತ್ತರ ಸುಲಭವಾಗಿಯೇ ಸಿಗುತ್ತದೆ. ತಿಂಗಳುಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ್ದಾರೆ. ಯಾರು ಹೇಳಿದ ಹೊತ್ತಿಗೆ ಕೊಡುತ್ತಾರೆ, ಯಾರು ನೆಪ ಹೇಳುತ್ತಾರೆ, ಯಾರು ತಿದ್ದಿದರೆ ಮುನಿಸಿಕೊಳ್ಳುತ್ತಾರೆ, ಯಾರು ಇನ್ನೊಬ್ಬರ ಐಡಿಯಾವನ್ನು ತನ್ನದು ಅಂತ ಹೇಳಿಕೊಳ್ಳುತ್ತಾರೆ, ಇದೆಲ್ಲ ಕೆಲಸದಲ್ಲಿ ಬಹಳ ಬೇಗ ಗೊತ್ತಾಗಿಬಿಡುತ್ತದೆ.

ಗುಂಪಿನಲ್ಲಿ ಮುಂದೆ ನಡೆದದ್ದನ್ನು ಮಗಳು ದಿನಾ ಬಂದು ಹೇಳುತ್ತಿದ್ದಳು, ಹಾಗಾಗಿ ನನಗೆ ಗೊತ್ತು. ಒಬ್ಬ ಹುಡುಗ ಮುಖಪುಟ ಬೇರೆಯವರಿಗೆ ಕೊಡೋಣ ಅಂದ. ಮಾಡ್ ಹುಡುಗಿ ತಡೆದಳು. ಎಲ್ಲರೂ ಸೇರಿ ಅವಳಿಗೆ ಮೆಸೇಜಿನ ಮೇಲೆ ಮೆಸೇಜು ಕಳಿಸಬೇಡಿ, ಒಬ್ಬರೇ, ಒಂದೇ ಸಲ ಕೇಳಿ ಅಂದಳು. ಕೇಳಿದರು. ಎರಡು ದಿನದ ಮೇಲೆ ಉತ್ತರ ಬಂತು. ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ, ಫೈಲ್ ಹಾಕಿದ್ದೇನೆ, ಯಾರಾದರೂ ಮುಗಿಸಿ, ನನ್ನ ಹೆಸರು ತೆಗೆದರೂ ಬೇಜಾರಿಲ್ಲ ಅಂತ. ಹೆಸರು ತೆಗೆಯುವ ಮಾತನ್ನು ಯಾರೂ ಎತ್ತಲೇ ಇಲ್ಲ. ಫೈಲಿನ ಲೇಯರ್‌ಗಳನ್ನು ಹಂಚಿಕೊಂಡರು. ನನ್ನ ಮಗಳು ಬೇಸ್ ಕಲರ್ ತುಂಬಿದಳು, ಇನ್ನೊಬ್ಬಳು ನೆರಳು ಹಾಕಿದಳು, ಹುಡುಗನೊಬ್ಬ ಹಿಂದಿನ ಮರಗಳನ್ನು ಮುಗಿಸಿದ. "ಕಣ್ಣು ಮಾತ್ರ ಮುಟ್ಟಿಲ್ಲ ಅಮ್ಮ. ಅದು ಅವಳೇ ಮಾಡಬೇಕು. ಬಂದ್ಮೇಲೆ ಮಾಡ್ತಾಳೆ." ಯಾವ ಆಸ್ಪತ್ರೆ, ಯಾವ ಊರು ಅಂತ ಯಾರೂ ಕೇಳಲಿಲ್ಲ. ಅವಳನ್ನು ಕೇಳಿದ್ದು ಒಂದೇ: ಈಗ ಮಾತಾಡಬೇಕು ಅನ್ನಿಸ್ತಿದೆಯಾ, ಇಲ್ಲಾ ಸುಮ್ನೆ ಚಿತ್ರ ಕಳಿಸ್ತಾ ಇರೋಣವಾ? ಚಿತ್ರ ಕಳಿಸಿ ಅಂದಳಂತೆ. ಒಂದು ವಾರ ಪೂರ್ತಿ ಆ ಗುಂಪು ಎಲ್ಲರೂ ಬೈಯುವ ಅದೇ ಪಾತ್ರವನ್ನು ಥರಥರವಾಗಿ ಬಿಡಿಸಿ ಅವಳಿಗೆ ಕಳಿಸಿತು.

ದುಃಖದಲ್ಲಿರುವವರ ಜೊತೆ ಹೇಗಿರಬೇಕು ಅನ್ನುವುದು ದೊಡ್ಡವರಿಗೇ ಗೊತ್ತಿರುವುದಿಲ್ಲ. ಈ ಮಕ್ಕಳು ಕೇಳಿ ತಿಳಿದುಕೊಂಡರು. ನನ್ನ ಮಗಳು ಇದನ್ನು ಬೇರೆ ಎಲ್ಲಿ ಕಲಿಯುತ್ತಿದ್ದಳೋ ನನಗೆ ಗೊತ್ತಿಲ್ಲ. ಪಕ್ಕದ ಬೆಂಚಿನಲ್ಲಿ ಕೂತವರು ಗೆಳೆಯರಾಗುವುದು ಒಂದು ದಾರಿ. ಒಂದೇ ವಸ್ತುವನ್ನು ವಿಪರೀತ ಇಷ್ಟಪಡುವವರು ಸೇರಿ ಏನಾದರೂ ಕಟ್ಟುತ್ತಾ ಗೆಳೆಯರಾಗುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ಮುಖ ಕೊನೆಗೆ ಕಾಣಿಸುತ್ತದೆ, ಸ್ವಭಾವ ಮೊದಲು ಕಾಣಿಸುತ್ತದೆ.

ಪೂರ್ತಿ ವಿಳಾಸ ಅಚ್ಚಾಗುತ್ತಿದ್ದ ಕಾಲ

ಇದೆಲ್ಲ ಇಂಟರ್ನೆಟ್ ತಂದ ಹೊಸ ರೋಗ ಅನ್ನುವವರಿಗೆ ನಾನು ಹೇಳುವ ಕಥೆ ಒಂದಿದೆ. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ ಬರೀ ವೈಜ್ಞಾನಿಕ ಕಥೆಗಳಿಗಾಗಿಯೇ ಒಂದು ಮಾಸಪತ್ರಿಕೆ ಶುರು ಮಾಡಿದ. ಸ್ವಲ್ಪ ಸಮಯದಲ್ಲೇ ಅದರಲ್ಲಿ ಓದುಗರ ಪತ್ರಗಳೂ ಬರತೊಡಗಿದವು. ಪತ್ರ ಬರೆದವರ ಹೆಸರಿನ ಜೊತೆ ಪೂರ್ತಿ ವಿಳಾಸವೂ ಅಚ್ಚಾಗುತ್ತಿತ್ತು. ಈಗಿನ ಯಾವ ಅಮ್ಮನಿಗಾದರೂ ಎದೆ ಧಸಕ್ಕೆನ್ನುವ ವಿಷಯ ಅಲ್ವಾ? ಆದರೆ ನಡೆದದ್ದು ಇಷ್ಟು: ತನ್ನ ಊರಲ್ಲಿ ಇಂಥದ್ದನ್ನು ಓದುವವನು ತಾನೊಬ್ಬನೇ ಅಂದುಕೊಂಡಿದ್ದ ಹುಡುಗ ಇನ್ನೊಂದು ಊರಿನ ಅಂಥದ್ದೇ ಹುಡುಗನಿಗೆ ನೇರವಾಗಿ ಕಾಗದ ಬರೆದ. ಕಾಗದಗಳು ಕ್ಲಬ್ಬುಗಳಾದವು. 1930ರ ಹೊತ್ತಿಗೆ ಅವರದೇ ಪುಟ್ಟ ಪತ್ರಿಕೆಗಳು ಬಂದವು. ಅವಕ್ಕೆ ಫ್ಯಾನ್‌ಝೀನ್ ಅನ್ನುವ ಹೆಸರು ಸಿಕ್ಕಿದ್ದು 1940ರಲ್ಲಿ. ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ನನ್ನ ಮಗಳ ಪಿಡಿಎಫ್ ಇವುಗಳದೇ ಸಂತಾನ.

ಇವರಲ್ಲಿ ತುಂಬಾ ಜನ ಹದಿಹರೆಯದವರು ಅನ್ನುವುದನ್ನು ನಾವು ಮರೆತುಬಿಡುತ್ತೇವೆ. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಸೇರಿದ್ದವರು ಸುಮಾರು 200 ಜನ. ಲಾಸ್ ಏಂಜಲೀಸಿನಿಂದ, ಮುಂದೆ ದೊಡ್ಡ ಲೇಖಕನಾದ ರೇ ಬ್ರಾಡ್ಬರಿ ಬಂದಿದ್ದ. ವಯಸ್ಸು 18. ಕೈಯಲ್ಲಿ ದುಡ್ಡಿರಲಿಲ್ಲ. ಪ್ರಯಾಣಕ್ಕೆ ಸಾಲ ಕೊಟ್ಟವನು ಅವನ ಫ್ಯಾನ್ ಗೆಳೆಯ ಫಾರೆಸ್ಟ್ ಅಕರ್ಮನ್, ಅವನಿಗೂ ಆಗ ಬರೀ 22. ಆ ಸಮ್ಮೇಳನಕ್ಕೆ ಅಕರ್ಮನ್ ಭವಿಷ್ಯದ ಮನುಷ್ಯನ ವೇಷ ಹಾಕಿಕೊಂಡು ಬಂದಿದ್ದ. ಆ ಬಟ್ಟೆ ತಯಾರಿಸಿದವಳು ಅವನ ಜೊತೆಗಾತಿ ಮರ್ಟಲ್ ಡಗ್ಲಸ್. ಇವತ್ತಿನ ಕಾಸ್‌ಪ್ಲೇ, ಅಂದರೆ ಅಭಿಮಾನಿಗಳು ಪಾತ್ರಗಳ ವೇಷ ಹಾಕುವುದು, ಶುರುವಾದದ್ದು ಅಲ್ಲಿಂದ ಅಂತ ಹೇಳುತ್ತಾರೆ. ಮಹಾ ಲೇಖಕ ಹುಟ್ಟಿದ ಕಥೆಯಾಗಿ ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಮುಖ್ಯ ಅನ್ನಿಸುವುದು ಆ ಸಾಲ. ದುಡ್ಡಿಲ್ಲದ ಹುಡುಗನೊಬ್ಬ ದೇಶದ ಇನ್ನೊಂದು ತುದಿಗೆ ಹೋಗಿ ತನ್ನಂಥವರನ್ನು ನೋಡಲೇಬೇಕು ಅಂತ ಅವನ ಗೆಳೆಯನಿಗೆ ಅನ್ನಿಸಿತ್ತು.

ಮಕ್ಕಳಾದ ಮೇಲೆ ಇದೆಲ್ಲ ಬಿಟ್ಟುಬಿಡಬೇಕು ಅನ್ನುವುದೂ ನಿಜವಲ್ಲ. ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಟಿವಿ ಸರಣಿ ಎರಡನೇ ಸೀಸನ್‌ಗೇ ನಿಲ್ಲುವ ಹಾಗಿದ್ದಾಗ ಪತ್ರ ಚಳವಳಿ ಮಾಡಿ ಮೂರನೇ ಸೀಸನ್ ಬರುವಂತೆ ಒತ್ತಾಯಿಸಿದ್ದು ಬೀಜೋ ಮತ್ತು ಜಾನ್ ಟ್ರಿಂಬಲ್ ಅನ್ನುವ ಸಂಸಾರಸ್ಥ ದಂಪತಿ. ಯಾರಿಗೆ ಬರೆಯಬೇಕು, ಹೇಗೆ ಬರೆಯಬೇಕು ಅಂತ ಜನರಿಗೆ ಕಲಿಸಿ, ಅವರಿಂದ ಇನ್ನಷ್ಟು ಜನರಿಗೆ ಮುಟ್ಟಿಸಿ, ಮನೆಯಲ್ಲೇ ಕೂತು ಮಾಡಿದ ಕೆಲಸ ಅದು.

ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಿದ್ದವರು

ನನ್ನ ಮಗಳು ಹುಟ್ಟಿದ ಮೊದಲ ತಿಂಗಳುಗಳಲ್ಲಿ ನಾನು ಫ್ಯಾಂಡಮ್, ಅಂದರೆ ಈ ಅಭಿಮಾನಿಗಳ ಲೋಕ, ಬಿಟ್ಟೇಬಿಟ್ಟೆ ಅಂದುಕೊಂಡಿದ್ದೆ. ನಾನು ಆಗ ಒಬ್ಬ ಗೆಳತಿಗೆ ಬೀಟಾ ರೀಡರ್ ಆಗಿದ್ದೆ. ಅವಳು ಉದ್ದನೆಯ ಒಂದು ಫ್ಯಾನ್‌ಫಿಕ್ಷನ್, ಅಂದರೆ ಇಷ್ಟದ ಕಥೆಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿ ಬರೆಯುವ ಕಥೆ, ಬರೆಯುತ್ತಿದ್ದಳು, ಪ್ರತಿ ಅಧ್ಯಾಯವನ್ನೂ ಮೊದಲು ಓದಿ ತಿದ್ದಿ ಕೊಡುವವಳು ನಾನು. ಮಗು ಬಂದ ಮೇಲೆ ಇನ್ನು ನನ್ನಿಂದ ಆಗಲ್ಲ, ಬೇರೆ ಯಾರನ್ನಾದರೂ ನೋಡಿಕೋ ಅಂತ ಬರೆದೆ. ಅವಳು ಬೇರೆಯವರನ್ನು ಹುಡುಕಲಿಲ್ಲ. ಅಧ್ಯಾಯ ಕಳಿಸುವುದನ್ನು ನಿಲ್ಲಿಸಿ, ಒಂದೊಂದೇ ಪ್ಯಾರಾ ಕಳಿಸತೊಡಗಿದಳು. ಜೊತೆಗೆ ಒಂದು ಸಾಲು: ಓದದಿದ್ದರೂ ಪರವಾಗಿಲ್ಲ, ಉತ್ತರ ಕೊಡದಿದ್ದರೂ ಪರವಾಗಿಲ್ಲ.

ಬೆಳಗಿನ ಜಾವ ಮಗು ಎದ್ದಾಗ ಒಂದು ಕೈಯಲ್ಲಿ ಅದನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಆ ಪ್ಯಾರಾ ಓದುತ್ತಿದ್ದೆ. ಮನೆಯಲ್ಲಿ ಎಲ್ಲರೂ ಮಲಗಿರುತ್ತಿದ್ದರು. ಅವಳಿದ್ದ ಕಡೆ ಮಧ್ಯಾಹ್ನ. ಎಳೆಯ ಮಗುವಿನ ತಾಯಿಗೆ ಬೇರೆ ಟೈಮ್ ಝೋನಿನ ಗೆಳತಿ ಇರುವುದು ಎಷ್ಟು ದೊಡ್ಡ ಆಸರೆ ಅಂತ ಯಾರೂ ಹೇಳಿಕೊಡುವುದಿಲ್ಲ. ಆ ದಿನಗಳಲ್ಲಿ ನನ್ನನ್ನು ಮಾತಾಡಿಸಿದವರೆಲ್ಲ ಮಗುವಿನ ತೂಕ ಕೇಳುತ್ತಿದ್ದರು, ನಿದ್ದೆ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು, ತಪ್ಪೇನಿಲ್ಲ. ಅವಳೊಬ್ಬಳು ಮಾತ್ರ ಹನ್ನೆರಡನೇ ಅಧ್ಯಾಯದಲ್ಲಿ ನಾಯಕ ತಮ್ಮನ ಹತ್ತಿರ ಸುಳ್ಳು ಹೇಳಬೇಕಾ ಬೇಡವಾ ಅಂತ ಕೇಳುತ್ತಿದ್ದಳು. ನಾನು ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಬಟ್ಟೆ ಮಡಿಸಿದ್ದು, ಮಗುವನ್ನು ತೂಗಿದ್ದು ನೆನಪಿದೆ. ಕೊನೆಗೆ "ಹೇಳಲಿ, ಆದರೆ ತಮ್ಮನಿಗೆ ಅದು ಸುಳ್ಳು ಅಂತ ಆಗಲೇ ಗೊತ್ತಿರಲಿ" ಅಂತ ಬರೆದೆ. ಆ ಅಧ್ಯಾಯ ಹಾಗೇ ಬಂತು. ಅದನ್ನು ಈಗಲೂ ಓದುತ್ತೇನೆ. ಆ ತಿಂಗಳುಗಳಲ್ಲಿ ನನ್ನ ಬುದ್ಧಿ ಇನ್ನೂ ನನ್ನದೇ ಆಗಿದೆ ಅನ್ನುವುದಕ್ಕೆ ನನಗಿದ್ದ ಸಾಕ್ಷಿ ಅದು.

ಅವಳ ನಿಜವಾದ ಹೆಸರು ಗೊತ್ತಾದದ್ದು ಪರಿಚಯವಾಗಿ ಎಷ್ಟೋ ವರ್ಷದ ಮೇಲೆ, ಅದೂ ಮಗಳಿಗೆ ಒಂದು ಪಾರ್ಸೆಲ್ ಕಳಿಸಬೇಕು ಅಂತ ಅವಳು ವಿಳಾಸ ಕೇಳಿದಾಗ. ಇನ್ನೂ ಮುಖಾಮುಖಿ ನೋಡಿಲ್ಲ. ಮಗಳು ಈಗ ಬಿಡಿಸುವ ಚಿತ್ರಗಳನ್ನು ಅವಳಿಗೆ ಕಳಿಸುತ್ತೇನೆ, ಮಗಳನ್ನು ಕೇಳಿಕೊಂಡೇ.

ಎಲ್ಲರನ್ನೂ ಹೀಗೆ ಉಳಿಸಿಕೊಳ್ಳಲು ಆಗಲಿಲ್ಲ. ನಮ್ಮ ಮೊದಲ ಗುಂಪು ಇದ್ದ ಜಾಗವನ್ನು ಅದರ ಮಾಲೀಕರು ಒಂದು ದಿನ ಮುಚ್ಚಿದರು. ಅಲ್ಲಿ ಬಿಟ್ಟು ಬೇರೆಲ್ಲೂ ಪರಿಚಯವಿಲ್ಲದ ಎಷ್ಟೋ ಜನ ಅಲ್ಲಿಗೇ ಕಳೆದುಹೋದರು. ಅಡ್ಡಹೆಸರು ಮಾತ್ರ ನೆನಪಿರುವವರನ್ನು ಎಲ್ಲಿ ಅಂತ ಹುಡುಕುವುದು? ಇದು ಬರೀ ನಮ್ಮ ಕಥೆಯಲ್ಲ, ಇಡೀ ಒಂದು ತಲೆಮಾರಿನ ಅಭಿಮಾನಿಗಳ ಕಥೆ. ಅದಕ್ಕೇ 2007ರಲ್ಲಿ ಅಭಿಮಾನಿಗಳು ತಮ್ಮದೇ ಲಾಭವಿಲ್ಲದ ಸಂಸ್ಥೆ ಕಟ್ಟಿದರು, 2009ರ ನವೆಂಬರ್‌ನಲ್ಲಿ ತಮ್ಮದೇ ಸರ್ವರುಗಳ ಮೇಲೆ ತಮ್ಮದೇ ಕಥಾ ಭಂಡಾರವನ್ನು ಎಲ್ಲರಿಗೂ ತೆರೆದರು. ಅದರ ಹೆಸರು ಆರ್ಕೈವ್ ಆಫ್ ಅವರ್ ಓನ್, ಗೊತ್ತಿರುವವರಿಗೆ ಗೊತ್ತು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥೆಗಳ ಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿಯೂ ಬಂತು. ಮಗಳಿಗೆ ನಾನು ಕೊಟ್ಟ ಮೊದಲ ಸಲಹೆಗಳಲ್ಲಿ ಇದೂ ಒಂದು: ಯಾರನ್ನು ಕಳೆದುಕೊಳ್ಳಲು ನಿನಗೆ ಇಷ್ಟವಿಲ್ಲವೋ ಅವರ ಜೊತೆ ಇನ್ನೊಂದು ಕಡೆಯೂ ಪರಿಚಯ ಇಟ್ಟುಕೋ, ನನಗೆ ಗೊತ್ತಿರುವ ಜಾಗದಲ್ಲಿ.

ಇಬೆಲಿನ್

ಮಾಟ್ಸ್ ಸ್ಟೀನ್ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ನಾರ್ವೆಯ ಹುಡುಗ. ಡುಶೆನ್ ಅನ್ನುವ ಸ್ನಾಯು ಕ್ಷಯದ ಕಾಯಿಲೆ. ವರ್ಷ ಕಳೆದಂತೆ ದೇಹದ ಒಂದೊಂದೇ ಚಲನೆ ನಿಂತುಹೋಗುವ ಕಾಯಿಲೆ ಅದು. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಬದುಕಿನ ಕೊನೆಯ ವರ್ಷಗಳಲ್ಲಿ ಹೆಚ್ಚಿನ ಹೊತ್ತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ ಆಡುತ್ತಾ ಕಳೆದ. ಆಟದೊಳಗೆ ಅವನ ಹೆಸರು ಇಬೆಲಿನ್, ಅವನ ಗಿಲ್ಡಿನ, ಅಂದರೆ ಒಟ್ಟಿಗೆ ಆಡುವವರ ಗುಂಪಿನ, ಹೆಸರು ಸ್ಟಾರ್‌ಲೈಟ್. ಮಗನಿಗೆ ಗೆಳೆತನ, ಪ್ರೀತಿ ಯಾವುದೂ ಸಿಗಲಿಲ್ಲ, ಯಾರ ಬದುಕಿನಲ್ಲೂ ಅವನಿಗೊಂದು ಜಾಗ ಸಿಗಲಿಲ್ಲ ಅನ್ನುವುದೇ ಅಪ್ಪ ಅಮ್ಮನ ದೊಡ್ಡ ಕೊರಗಾಗಿತ್ತು. ಅವನು ಹೋದ ಮೇಲೆ, ಅವನು ಬರೆಯುತ್ತಿದ್ದ ಬ್ಲಾಗಿನಲ್ಲಿ ಅಪ್ಪ ಸಾವಿನ ಸುದ್ದಿ ಹಾಕಿ ತಮ್ಮ ಇಮೇಲ್ ಕೊಟ್ಟರು. ಪತ್ರಗಳು ಬರತೊಡಗಿದವು. ಒಂದಾದ ಮೇಲೊಂದು, ಬೇರೆ ಬೇರೆ ದೇಶಗಳಿಂದ, ಉದ್ದುದ್ದ ಪತ್ರಗಳು. ನನ್ನ ಕಷ್ಟಕಾಲದಲ್ಲಿ ಕೂತು ಕೇಳಿಸಿಕೊಂಡ, ಸಲಹೆ ಕೊಟ್ಟ, ನಗಿಸಿದ ಅಂತ. ಅಂತ್ಯಕ್ರಿಯೆಗೆ ಗಿಲ್ಡಿನವರು ಬೇರೆ ದೇಶಗಳಿಂದ ಬಂದರು. 2024ರಲ್ಲಿ ಇದರ ಬಗ್ಗೆ ಸಾಕ್ಷ್ಯಚಿತ್ರವೂ ಬಂತು. ಗಿಲ್ಡಿನ ಮಾತುಕತೆಯ ಸಾವಿರಾರು ಪುಟ ಉಳಿದಿದ್ದರಿಂದ ಅವನ ಆಟದೊಳಗಿನ ಬದುಕನ್ನು ಅದರಲ್ಲಿ ಮತ್ತೆ ಕಟ್ಟಿ ತೋರಿಸಲು ಸಾಧ್ಯವಾಯಿತು.

ಆನ್‌ಲೈನ್ ಗೆಳೆತನವೂ ನಿಜವಾದದ್ದೇ ಅಂತ ಸಾಬೀತು ಮಾಡಲು ಈ ಕಥೆಯನ್ನು ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ತಾಗಿದ್ದು ಅದರೊಳಗಿನ ಇನ್ನೊಂದು ಸಣ್ಣ ಕಥೆ. ಅದೇ ಗಿಲ್ಡಿನಲ್ಲಿ ಡೆನ್ಮಾರ್ಕಿನ ಒಬ್ಬ ತಾಯಿ ಇದ್ದಳು, ಅವಳ ಮಗನೂ ಆಡುತ್ತಿದ್ದ. ಮಗನಿಗೆ ಆಟಿಸಂ. ಅಪ್ಪಿಕೊಳ್ಳಲು ಬಿಡುತ್ತಿರಲಿಲ್ಲ, ಅವನ ಹತ್ತಿರ ಹೋಗುವುದೇ ತಾಯಿಗೆ ಕಷ್ಟವಾಗಿತ್ತು. ಅವಳಿಗೆ ದಾರಿ ತೋರಿಸಿದವನು ಮಾಟ್ಸ್. ಆಟದೊಳಗೆ ಅವನ ಜೊತೆ ಹೆಚ್ಚು ಹೊತ್ತು ಇರು, ಮೊದಲು ಅಲ್ಲಿ ಹತ್ತಿರವಾಗು ಅಂದ. ಆಟದೊಳಗಿನ ಅಪ್ಪುಗೆಯನ್ನು ಆ ಹುಡುಗ ಒಪ್ಪಿಕೊಂಡ, ಅಲ್ಲಿಂದ ಹೊರಗೂ ಇಬ್ಬರೂ ಹತ್ತಿರವಾದರು. ಮಕ್ಕಳಿಲ್ಲದ, ತನ್ನ ಕಾಯಿಲೆಯನ್ನು ಬಹುಕಾಲ ಯಾರಿಗೂ ಹೇಳದ ಒಬ್ಬ ಯುವಕ, ಎಂದೂ ನೋಡದ ತಾಯಿಯೊಬ್ಬಳಿಗೆ ಮಗನ ಹತ್ತಿರ ಹೋಗುವುದನ್ನು ಹೇಳಿಕೊಟ್ಟ. ಅದೇ ಹೊತ್ತಿನಲ್ಲಿ ಅವನ ಅಪ್ಪ ಅಮ್ಮನಿಗೆ ಮಗನ ಬೆನ್ನು ಮತ್ತು ಅದರಾಚೆಗೆ ಒಂದು ಪರದೆ ಕಾಣಿಸುತ್ತಿತ್ತು. ಅವರು ಪ್ರೀತಿಯಲ್ಲಿ ಏನೂ ಕಡಿಮೆ ಮಾಡಿದವರಲ್ಲ. ಮಗ ಇದ್ದ ಜಾಗ ಎಂಥದ್ದು ಅಂತ ನಮಗೆ ಅರ್ಥವಾಗಿರಲಿಲ್ಲ ಅಂತ ಆಮೇಲೆ ಅವರೇ ಬಿಚ್ಚುಮನಸ್ಸಿನಿಂದ ಹೇಳಿದ್ದಾರೆ. ಈ ಕಥೆ ಓದಿದ ದಿನದಿಂದ "ಎಷ್ಟು ಹೊತ್ತು ಆ ಸ್ಕ್ರೀನ್ ನೋಡ್ತೀಯ" ಅನ್ನುವ ಮಾತು ನನ್ನ ಬಾಯಿಗೆ ಬಂದಾಗೆಲ್ಲ, ಅದರ ಜೊತೆ "ಇವತ್ತು ಏನು ಮಾಡಿದ್ರಿ" ಅಂತಲೂ ಕೇಳುತ್ತೇನೆ. ಹೊತ್ತಿನ ಲೆಕ್ಕವೂ ಬೇಕು, ನಿದ್ದೆ ಕೆಡಬಾರದು, ಕಣ್ಣು ಕೆಡಬಾರದು. ಆದರೆ ಮಗಳು ಬಾಯಿ ಬಿಡುವುದು ಎರಡನೇ ಪ್ರಶ್ನೆಗೆ.

ಹೆದರಬೇಕಾದ್ದಕ್ಕೆ ಹೆದರುವುದು

ಅಪಾಯ ಇಲ್ಲ ಅಂತ ನಾನು ಯಾರಿಗೂ ಹೇಳಲಾರೆ. ಮಕ್ಕಳು ಇಷ್ಟಪಡುವ ಜಾಗಕ್ಕೆ ಮಕ್ಕಳನ್ನು ಹುಡುಕಿಕೊಂಡು ಬರುವ ದೊಡ್ಡವರೂ ಇರುತ್ತಾರೆ. ನಮ್ಮ ಕಾಲದಲ್ಲೂ ಇದ್ದರು. ಆದರೆ ಬರೀ ವಯಸ್ಸನ್ನು ಹಿಡಿದುಕೊಂಡರೆ ಅಂಥವರು ಸಿಗುವುದಿಲ್ಲ. ಎಲ್ಲ ಕಡೆ ಕಾಣುವ 13 ವರ್ಷದ ನಿಯಮ ಎಲ್ಲಿಂದ ಬಂತು ನೋಡಿ. 1998ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. 13ಕ್ಕಿಂತ ಚಿಕ್ಕ ಮಕ್ಕಳ ಮಾಹಿತಿ ಪಡೆಯಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ. ಆ ತಾಪತ್ರಯವೇ ಬೇಡ ಅಂತ ಕಂಪನಿಗಳು 13 ದಾಟಿದವರಿಗೆ ಮಾತ್ರ ಪ್ರವೇಶ ಅಂತ ಬೋರ್ಡು ಹಾಕಿಕೊಂಡವು. ಮಗು 13 ದಾಟಿದ ಕೂಡಲೇ ಮನುಷ್ಯರನ್ನು ಅಳೆಯಲು ಕಲಿತುಬಿಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ಅದು ಮಾಹಿತಿ ಕಾಯುವ ನಿಯಮ, ಮಗುವನ್ನು ಕಾಯುವುದು ಇನ್ನೂ ನಮ್ಮ ಕೆಲಸವೇ.

ಮಿಝುಕೊ ಇಟೊ ಅನ್ನುವ ಮಾನವಶಾಸ್ತ್ರಜ್ಞೆ ಮತ್ತು ಅವರ ತಂಡ ಮೂರು ವರ್ಷ ಅಮೆರಿಕದ ಹದಿಹರೆಯದವರು ಆನ್‌ಲೈನ್‌ನಲ್ಲಿ ಹೇಗಿರುತ್ತಾರೆ ಅಂತ ಅಧ್ಯಯನ ಮಾಡಿದರು. ಅವರು ಕಂಡದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದು ವ್ಯತ್ಯಾಸ. ಹೆಚ್ಚಿನ ಮಕ್ಕಳು ಆನ್‌ಲೈನ್‌ಗೆ ಹೋಗುವುದು ಶಾಲೆಯಲ್ಲಿ ಈಗಾಗಲೇ ಗೊತ್ತಿರುವ ಗೆಳೆಯರ ಜೊತೆ ಹರಟೆ ಹೊಡೆಯಲು. ಕೆಲವು ಮಕ್ಕಳು ಹೋಗುವುದು ಆಸಕ್ತಿಯ ಹಿಂದೆ. ಎರಡನೆಯ ಕಡೆ ಬೇರೆ ಬೇರೆ ವಯಸ್ಸಿನವರು ಬೆರೆಯುತ್ತಾರೆ, ಗೌರವ ಸಿಗುವುದು ಎಷ್ಟು ಗೊತ್ತಿದೆ ಅನ್ನುವುದಕ್ಕೆ. ಇದರಿಂದ ನನಗೆ ಒಂದು ಸ್ಪಷ್ಟವಾಯಿತು. ಮಗಳ ಗುಂಪಿನಲ್ಲಿ ಕಾಲೇಜು ಹುಡುಗಿ ಇರುವುದು ತಾನಾಗಿ ಕೆಟ್ಟ ಲಕ್ಷಣ ಅಲ್ಲ, ಅವಳಿಂದ ಮಗಳು ಪುಟ ಜೋಡಿಸುವುದನ್ನು ಕಲಿಯುತ್ತಿದ್ದಾಳೆ. ನೋಡಬೇಕಾದ್ದು ಆ ದೊಡ್ಡವರು ಎಲ್ಲರ ಎದುರು ಕಲಿಸುತ್ತಾರೋ, ಇಲ್ಲಾ ಒಬ್ಬಳನ್ನೇ ಪಕ್ಕಕ್ಕೆ ಕರೆಯುತ್ತಾರೋ ಅನ್ನುವುದು.

ನಾನು ಮಗಳಿಗೆ ಹೇಳಿರುವುದು ಇಷ್ಟೇ. ಎಲ್ಲರಿಗೂ ಕಾಣುವ ಚಾನೆಲ್ ಬಿಟ್ಟು, ಇಬ್ಬರಿಗೆ ಮಾತ್ರ ಕಾಣುವ ಡಿಎಂಗೆ ಬಾ ಅಂತ ಪದೇ ಪದೇ ಕರೆಯುವವರು ಇದ್ದರೆ ನನಗೆ ಹೇಳು. "ಅಮ್ಮನಿಗೆ ಹೇಳಬೇಡ" ಅಂದವರು ಆ ಕ್ಷಣದಿಂದ ನಿನ್ನ ಫ್ರೆಂಡ್ ಅಲ್ಲ, ಅವರು ಎಷ್ಟೇ ಚೆನ್ನಾಗಿ ಬಿಡಿಸಲಿ. ನಿನ್ನ ಚಿತ್ರಕ್ಕೆ ಎಲ್ಲರಿಗಿಂತ ಜಾಸ್ತಿ ಹೊಗಳಿ, ಗುಂಪಿನ ಉಳಿದವರ ಮೇಲೆ ಚಾಡಿ ಹೇಳುವವರ ಬಗ್ಗೆ ಎಚ್ಚರ ಇರಲಿ. ನನಗೆ ಹೇಳಿದರೆ ಟ್ಯಾಬ್ ಕಿತ್ತುಕೊಳ್ಳುತ್ತೇನೆ ಅಂತ ಹೆದರಬೇಡ. ಈ ಕೊನೆಯ ಮಾತನ್ನು ಉಳಿಸಿಕೊಳ್ಳುವುದು ಅಮ್ಮನ ಕಡೆಯ ಕೆಲಸ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಹೇಳಿದ ಮಗುವಿಗೇ ಶಿಕ್ಷೆ ಆದರೆ ಮುಂದಿನ ಸಲ ಅದು ಹೇಳುವುದಿಲ್ಲ.

ಗುಂಪು ಎಂಥದ್ದು ಅಂತ ತಿಳಿಯಲು ನಾನು ನೋಡುವುದು ಹೊಸಬರನ್ನು. ಚಿತ್ರ ಬಿಡಿಸಲು ಎಲ್ಲರಿಗಿಂತ ಕಡಿಮೆ ಬರುವವರು, ತಪ್ಪು ಪ್ರಶ್ನೆ ಕೇಳುವವರು, ಸರಣಿಯ ಮೊದಲ ಕಂತು ನಿನ್ನೆ ನೋಡಿದವರು ಬಂದಾಗ ಹಳಬರು ಏನು ಮಾಡುತ್ತಾರೆ? ಮುಂದಿನ ಕಥೆಯ ಸ್ಪಾಯ್ಲರ್ ಹೇಳದೆ ಕಾಯುತ್ತಾರಾ, ಇಲ್ಲಾ "ಇದೂ ಗೊತ್ತಿಲ್ವಾ" ಅಂತ ಅವಮಾನ ಮಾಡುತ್ತಾರಾ? ಗೀಕ್ ಲೋಕದ, ಅಂದರೆ ಇಂಥ ಹುಚ್ಚು ಹಿಡಿಸಿಕೊಂಡವರ ಲೋಕದ, ಅತಿ ಕೆಟ್ಟ ಗುಣ ಅದೇ. ಎಷ್ಟು ಗೊತ್ತು ಅನ್ನುವುದನ್ನೇ ಬಾಗಿಲಿಗೆ ಬೀಗ ಮಾಡಿಕೊಳ್ಳುವುದು. ಹುಡುಗಿಯರ ಮೇಲೆ ಅದನ್ನು ಹೆಚ್ಚಾಗಿ ಬಳಸುತ್ತಾರೆ, ನೀನು ನಿಜವಾದ ಫ್ಯಾನ್ ಹೌದಾ ಅಂತ ಪರೀಕ್ಷೆ ಇಡುತ್ತಾರೆ. ಹಾಗೆ ಪರೀಕ್ಷೆ ಇಡುವ ಗುಂಪಿನಲ್ಲಿ ಮಗಳು ಇರುವುದು ನನಗೆ ಬೇಡ, ಅಲ್ಲಿ ಎಲ್ಲರೂ ಅವಳ ವಯಸ್ಸಿನವರೇ ಇದ್ದರೂ ಬೇಡ.

ನನ್ನದು ನನಗೆ, ಅವಳದು ಅವಳಿಗೆ

ಗೀಕ್ ಅಪ್ಪ ಅಮ್ಮಂದಿರಿಗೆ ಒಂದು ಆಸೆ ಇರುತ್ತದೆ. ನಮಗೆ ಇಷ್ಟವಾದದ್ದು ಮಕ್ಕಳಿಗೂ ಇಷ್ಟವಾಗಲಿ, ಒಟ್ಟಿಗೆ ಕೂತು ನೋಡೋಣ, ಒಂದೇ ಥರದ ವೇಷ ಹಾಕೋಣ ಅಂತ. ನಾನು ಜೀವದಷ್ಟು ಪ್ರೀತಿಸಿದ ಸರಣಿಯನ್ನು ಮಗಳು ಎರಡು ಕಂತು ನೋಡಿ "ತುಂಬಾ ನಿಧಾನ ಅಮ್ಮ" ಅಂತ ಎದ್ದು ಹೋದಳು. ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ ಈಗ ಅದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ನನ್ನ ಲೋಕಕ್ಕೇ ಅವಳು ಬಂದಿದ್ದರೆ ಅಲ್ಲಿ ಅವಳು ಯಾವಾಗಲೂ ನನ್ನ ಮಗಳಾಗಿಯೇ ಇರುತ್ತಿದ್ದಳು. ಅವಳದೇ ಗುಂಪಿನಲ್ಲಿ ಅವಳು ಬೇಸ್ ಕಲರ್ ಚೆನ್ನಾಗಿ ಮಾಡುವವಳು, ಹಾಗೂ ಗಡುವು ತಪ್ಪಿಸದವಳು. ಆ ಹೆಸರನ್ನು ಅವಳೇ ಸಂಪಾದಿಸಿದ್ದು.

ಅವಳ ಸರ್ವರ್‌ಗೆ ನಾನು ಸೇರಿಲ್ಲ. "ಅಮ್ಮ, ನೀನು ಬಂದ್ರೆ ಎಲ್ಲರೂ ಮಾತು ನಿಲ್ಲಿಸ್ತಾರೆ" ಅಂದಳು, ಅದು ನಿಜ. ನಮ್ಮ ಒಪ್ಪಂದ ಬೇರೆ. ಸರ್ವರ್‌ನ ನಿಯಮಗಳನ್ನು ಇಬ್ಬರೂ ಕೂತು ಓದಿದೆವು. 18 ದಾಟಿದವರ ಚಾನೆಲ್‌ಗೆ ಬೀಗ ಇದೆಯಾ ಅಂತ ನೋಡಿದೆವು. ಮಾಡ್‌ಗಳು ಯಾರು ಅಂತ ನನಗೆ ಗೊತ್ತು, ಬೇಕಾದರೆ ಅವರಿಗೆ ಬರೆಯುವ ದಾರಿ ಗೊತ್ತು. ಸರಣಿಯನ್ನು ನಾನೂ ನೋಡುತ್ತಿದ್ದೇನೆ, ಅವಳ ಜೊತೆ ಮಾತಾಡಲು ಬೇಕಾದಷ್ಟು. ಎಲ್ಲರೂ ಬೈಯುವ ಆ ಪಾತ್ರದ ವಿಷಯದಲ್ಲಿ ನಾನೂ ಆ ಗೆಳತಿಯ ಪಕ್ಷ. ಅದನ್ನು ಕೇಳಿ ಮಗಳು ಆ ರಾತ್ರಿಯೇ ಅವಳಿಗೆ ಹೇಳಿದಳಂತೆ.

ಈಗ ಹೊಸ ವಿಷಯ ಬಂದಿದೆ. ಅಜ್ಜಿ ಮನೆಗೆ ಬಂದಿದ್ದಾರೆ, ಮುಖಪುಟದ ಕಣ್ಣು ಮುಗಿದಿದೆ, ಝೀನ್ ಹೊರಬರುವ ದಿನ ಕೆಲವರು ಸೇರಿ ವಿಡಿಯೋ ಕಾಲ್ ಮಾಡಬೇಕು ಅಂತಿದ್ದಾರೆ. ಮೊದಲ ಸಲ ಮುಖ ತೋರಿಸುವುದು. ಮಗಳು ಬಂದು ಕೇಳಿದಳು. ಕೇಳದೆ ಮಾಡಬಹುದಿತ್ತು, ಕೇಳಿದಳು. ಆಗಲಿ ಅಂದೆ, ಷರತ್ತುಗಳನ್ನೂ ಹೇಳಿದೆ. ಕಾಲ್ ನಡೆಯುವುದು ಹಾಲ್‌ನಲ್ಲಿ, ಹಿಂದೆ ಖಾಲಿ ಗೋಡೆ ಇರಲಿ, ಶಾಲೆಯ ಹೆಸರಿರುವ ಬಟ್ಟೆ ಬೇಡ. ಯಾರೂ ರೆಕಾರ್ಡ್ ಮಾಡಬಾರದು ಅಂತ ಮಾಡ್ ಮೊದಲೇ ಹೇಳಬೇಕು. ಮುಖ ತೋರಿಸಲು ಇಷ್ಟವಿಲ್ಲದವರು ಕ್ಯಾಮೆರಾ ಆಫ್ ಇಟ್ಟರೆ ಯಾರೂ ಕಾರಣ ಕೇಳಬಾರದು. ಅದಕ್ಕೂ ಮೊದಲು, ಆ ಗೆಳತಿಯ ಅಮ್ಮನೋ ಅಪ್ಪನೋ ನನ್ನ ಜೊತೆ ಐದು ನಿಮಿಷ ಮಾತಾಡಬೇಕು, ಮಕ್ಕಳಿಬ್ಬರೂ ಪಕ್ಕದಲ್ಲಿರಲಿ. ಕೊನೆಯದಕ್ಕೆ ಮಗಳು ಸ್ವಲ್ಪ ಮುಖ ಊದಿಸಿದಳು. ಆಮೇಲೆ ಟ್ಯಾಬ್ ತೆಗೆದುಕೊಂಡು ಗೆಳತಿಗೆ ಬರೆಯಲು ಕೂತಳು. ಅರ್ಧ ಬರೆದು ನನ್ನ ಕಡೆ ತಿರುಗಿ, "ಇದನ್ನ ಕೇಳಿದ್ರೆ ಅವಳಿಗೆ ನಾನು ನಂಬಲ್ಲ ಅನ್ನಿಸುತ್ತಾ ಅಮ್ಮ?" ಅಂತ ಕೇಳಿದಳು. ಇಬ್ಬರೂ ಕೂತು ಆ ಸಾಲನ್ನು ಮೂರು ನಾಲ್ಕು ಥರ ಬರೆದು ನೋಡಿದೆವು. ಕೊನೆಗೆ ಮಗಳೇ ಬರೆದದ್ದು ಹೋಯಿತು: ನನ್ನ ಅಮ್ಮನಿಗೂ ಆ ಪಾತ್ರ ಇಷ್ಟ, ನಿನ್ನ ಅಮ್ಮನ ಜೊತೆ ಮಾತಾಡಬೇಕಂತೆ, ಅವರಿಗೆ ಯಾವ ಹೊತ್ತು ಅನುಕೂಲ?